ಸಾಕ್ಷ್ಯಚಿತ್ರದ ಪ್ರಾಮಾಣ್ಯ: ಪಾಂಜಾಳಿನ ಅಗ್ನಿಚಯನ

‘ಸಾಕ್ಷ್ಯಚಿತ್ರ’ವೆಂಬ ಶಬ್ದವು ಈಗ ಕನ್ನಡದಲ್ಲಿ ರೂಢವಾಗಿ ನೆಲೆಗೊಂಡಿದೆ. ಸಾಕ್ಷಿಯೆಂದರೆ ತಾನೇ ಸಾಕ್ಷಾತ್ತಾಗಿ ಕಂಡವನೆಂಬುದು ಪಾಣಿನಿಯ ವ್ಯುತ್ಪತ್ತಿ. ವ್ಯವಹಾರಶಾಸ್ತ್ರಕಾರರು ಇಷ್ಟರಿಂದಲೇ ತೃಪ್ತರಾಗದೆ, ಕಂಡವನು ಆ ವ್ಯಾಜ್ಯದಲ್ಲಿ ಸ್ವಾರ್ಥವುಳ್ಳವನೋ ಅಲ್ಲವೋ ಎಂಬುದನ್ನೂ ಪರೀಕ್ಷಿಸಬೇಕೆಂದು ವಿಧಿಸಿರುತ್ತಾರೆ. ಚಿತ್ರರೂಪವಾದ ಸಾಕ್ಷಿಗೂ ಈ ಪರೀಕ್ಷೆಯು ಸಲ್ಲುವುದೇ ಎಂಬುದನ್ನು ಒಂದು ಉದಾಹರಣೆಯಿಂದ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

1975ರ ಏಪ್ರಿಲ್ ತಿಂಗಳಿನಲ್ಲಿ ಕೇರಳದ ಪಾಂಜಾಳ್ ಗ್ರಾಮದಲ್ಲಿ ನಂಬೂದಿರಿ ವೈದಿಕರು 12 ದಿನಗಳ ಅಗ್ನಿಚಯನವನ್ನು ನೆರವೇರಿಸಿದರು. ಋಗ್ವೇದದಲ್ಲಿ ಕೌಷೀತಕ, ಯಜುರ್ವೇದದಲ್ಲಿ ಬೌಧಾಯನ, ಸಾಮವೇದದಲ್ಲಿ ಜೈಮಿನೀಯ ಸಂಪ್ರದಾಯಗಳನ್ನು ಅನುಸರಿಸಿ ನಡೆದ ಈ ಕರ್ಮವನ್ನು ಫ್ರಿಟ್ಸ್ ಸ್ಟಾಲ್ ಮತ್ತು ರಾಬರ್ಟ್ ಗಾರ್ಡ್ನರ್ ಎಂಬವರು ಚಿತ್ರೀಕರಿಸಿ, 1976ರಲ್ಲಿ ‘ಆಲ್ಟರ್ ಆಫ್ ಫೈರ್’ ಎಂಬ ಸಾಕ್ಷ್ಯಚಿತ್ರವನ್ನು ಪ್ರಕಟಿಸಿದರು. ಸ್ಟಾಲ್ ಮಹಾಶಯರು ನಂಬೂದಿರಿಗಳ ವೇದಪಾಠವನ್ನು ಕುರಿತು 1961ರಲ್ಲಿಯೇ ಗ್ರಂಥ ಬರೆದವರು. ಪಾಂಜಾಳಿನ ಕರ್ಮವನ್ನು ಕುರಿತು 1983ರಲ್ಲಿ ಎರಡು ಸಂಪುಟಗಳ ‘ಅಗ್ನಿ’ ಎಂಬ ಗ್ರಂಥವನ್ನೂ ಪ್ರಕಟಿಸಿದರು. ಆದುದರಿಂದ ಇದು ಕುತೂಹಲಮಾತ್ರದಿಂದ ಹುಟ್ಟಿದ ಚಿತ್ರವಲ್ಲ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಉಪನಯನವಾದಂದಿನಿಂದ ನಾನು ರುದ್ರಾಧ್ಯಾಯವನ್ನು ಪಠಿಸುತ್ತ ಬಂದಿದ್ದೇನೆ. ಅದು ತೈತ್ತಿರೀಯಸಂಹಿತೆಯ ಚಯನಕಾಂಡಕ್ಕೆ ಸೇರಿದ್ದೆಂದೂ, ಇಟ್ಟಿಗೆಯ ಐದು ಪ್ರಸ್ತಾರಗಳು ಮುಗಿದ ಬಳಿಕ ಅದರಿಂದ ಹೋಮವೆಂದೂ ಪಾಠಶಾಲೆಯಲ್ಲಿ ಕಲಿತಿದ್ದೆನು. ಕಲಿತುದೆಲ್ಲವೂ ಅಕ್ಷರವಾಗಿತ್ತು. ರೆಕ್ಕೆಯನ್ನು ಚಾಚಿ ನೆಲದ ಮೇಲೆ ಮಲಗಿದ ಇಟ್ಟಿಗೆಯ ಹಕ್ಕಿಯನ್ನು ತೆರೆಯ ಮೇಲೆ ಕಂಡ ದಿನ ಆ ಮಂತ್ರಗಳಿಗೆ ನನ್ನ ಮನಸ್ಸಿನಲ್ಲಿ ಒಂದು ನೆಲ ದೊರೆಯಿತು. ನಲವತ್ತು ವರ್ಷಗಳ ಪಾಠವು ಮಾಡದಿದ್ದ ಕೆಲಸವನ್ನು ಒಂದು ಗಂಟೆಗೆ ಮೀರದ ಚಿತ್ರವು ಮಾಡಿತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಈ ಉಪಕಾರದಿಂದಲೇ ಆಕ್ಷೇಪವೂ ಹುಟ್ಟುತ್ತದೆ. ಕಂಡುದನ್ನು ನಾವು ಪ್ರತ್ಯಕ್ಷವೆಂದು ನಂಬಿಬಿಡುತ್ತೇವೆ. 12 ದಿನಗಳ ಕರ್ಮವು ಒಂದು ಗಂಟೆಯೊಳಗೆ ಅಡಗಬೇಕಾದರೆ ಬಿಟ್ಟುದು ಎಷ್ಟೆಂಬುದನ್ನು ಊಹಿಸಬಹುದು. ಕರ್ಮಗಳ ಕ್ರಮವನ್ನು ನಿರ್ಣಯಿಸಲು ಮೀಮಾಂಸಕರು ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳನ್ನು ಹೇಳಿದರು. ಚಿತ್ರವನ್ನು ಕತ್ತರಿಸಿ ಜೋಡಿಸುವ ಸಂಕಲನಕಾರನಿಗೆ ಏಳನೆಯದೊಂದುಂಟು: ನೋಡುವವನ ಬೇಸರ. ಇದು ನಿಂದೆಯಲ್ಲ, ಆ ಕಲೆಯ ಸ್ವಭಾವ. ಆದರೆ ಸ್ವಭಾವವನ್ನು ಮರೆತು ಪ್ರಮಾಣವೆಂದು ಹಿಡಿದರೆ ದೋಷ.

ಎರಡನೆಯದು ಪ್ರಯೋಜನದ ಪ್ರಶ್ನೆ. ಕರ್ಮದ ಫಲವು ಯಜಮಾನನಿಗೆಂಬುದು ಜೈಮಿನಿಯ ಸಿದ್ಧಾಂತ. ಇಲ್ಲಿಯಾದರೋ ವಿದ್ವಾಂಸರು ದ್ರವ್ಯವನ್ನು ಕೂಡಿಸಿ, ಮುಂದಿನವರಿಗೆ ದಾಖಲೆಯುಳಿಯಬೇಕೆಂಬ ಉದ್ದೇಶದಿಂದ ಕರ್ಮಕ್ಕೆ ನೆರವಾದರು. ಋತ್ವಿಜರ ಶ್ರದ್ಧೆಯನ್ನು ನಾನು ಶಂಕಿಸುವುದಿಲ್ಲ. ಆದರೆ ನೋಡಲು ಬಂದವನೇ ನಡೆಯುವುದಕ್ಕೂ ಕಾರಣನಾದ ಮೇಲೆ ಅವನನ್ನು ತಟಸ್ಥಸಾಕ್ಷಿಯೆನ್ನುವುದು ಹೇಗೆ? ಪಶುವಿನ ವಿಷಯವನ್ನೇ ನೋಡಿರಿ. ಸಾರ್ವಜನಿಕರ ವಿರೋಧವು ಎದ್ದುದರಿಂದ ಆಡುಗಳಿಗೆ ಬದಲಾಗಿ ಬಾಳೆಯೆಲೆಯಲ್ಲಿ ಸುತ್ತಿದ ಅಕ್ಕಿಹಿಟ್ಟನ್ನು ಉಪಯೋಗಿಸಲಾಯಿತು. ಪಿಷ್ಟಪಶುವು ಕನ್ನಡನಾಡಿಗೆ ಅಪರಿಚಿತವಲ್ಲ. ಮಾಧ್ವಸಂಪ್ರದಾಯದಲ್ಲಿ ಅದಕ್ಕೆ ಶಾಸ್ತ್ರಚರ್ಚೆಯ ದೀರ್ಘಪರಂಪರೆಯಿದೆ. ಪಾಂಜಾಳಿನಲ್ಲಿ ಆ ಬದಲಾವಣೆಯು ಸಮಕಾಲೀನ ಸಮಾಜದೊಡನೆ ನಡೆದ ಸಂವಾದದ ಫಲವಾಗಿತ್ತು. ಇದು ಚಿತ್ರದ ನಡುವಣ ವಿಷಯವಾಗಬೇಕಾಗಿತ್ತು, ಆಗಲಿಲ್ಲ. ‘ಪ್ರಾಚೀನವು ಕೆಡದೆ ಉಳಿದಿದೆ’ ಎಂದು ತೋರಿಸುವ ಉತ್ಸಾಹವು, ಪ್ರಾಚೀನವು ಹೇಗೆ ಬಾಗಿ ಬದುಕುತ್ತದೆಂಬ ಹೆಚ್ಚಿನ ಸತ್ಯವನ್ನು ಹಿಂದೆ ತಳ್ಳಿತು.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. 1979ರ ಒಂದು ಲೇಖನದಲ್ಲಿಯೂ 1989ರ ಗ್ರಂಥದಲ್ಲಿಯೂ ಸ್ಟಾಲ್ ಮಹಾಶಯರು ಕರ್ಮವೆಂಬುದು ಅರ್ಥರಹಿತವಾದ ನಿಯಮಗಳ ಸಮೂಹವೆಂದು ಪ್ರತಿಪಾದಿಸಿದರು. ಮಂತ್ರಗಳು ಅನರ್ಥಕವೆಂಬ ಕೌತ್ಸನ ಪೂರ್ವಪಕ್ಷವನ್ನು ನಿರುಕ್ತದಲ್ಲಿ ಓದಿದವರಿಗೆ ಇದು ಹೊಸದಲ್ಲ. ಅನುಷ್ಠೀಯಮಾನವಾದ ಅರ್ಥವನ್ನು ಸ್ಮರಣೆಗೆ ತರುವುದೇ ಮಂತ್ರದ ಕಾರ್ಯವೆಂದು ಮೀಮಾಂಸಕರು ಅದಕ್ಕೆ ಸಮಾಧಾನ ಹೇಳಿದರು. ಸ್ಟಾಲರ ವಾದಕ್ಕೆ ಅವರದೇ ಆದ ಯುಕ್ತಿಗಳುಂಟು. ಅದು ಚಿತ್ರದಿಂದಲೇ ಹುಟ್ಟಿತೆಂದು ನಾನು ಹೇಳಲಾರೆ. ಆದರೆ ಚಿತ್ರವನ್ನು ಮಾತ್ರ ನೋಡಿದವನಿಗೆ ಆ ವಾದವು ಸ್ವತಃಸಿದ್ಧವೆಂದು ತೋರುವ ಅಪಾಯವಿದೆ. ಯಂತ್ರದ ಕಣ್ಣಿಗೆ ಕೈ ಕಾಣುತ್ತದೆ, ಸಂಕಲ್ಪ ಕಾಣುವುದಿಲ್ಲ. ತುಪ್ಪದ ಧಾರೆ ಕಾಣುತ್ತದೆ, ತ್ಯಾಗ ಕಾಣುವುದಿಲ್ಲ. ಕಾಣದಿರುವುದು ಉಪಕರಣದ ಮಿತಿ. ಅದನ್ನು ವಸ್ತುವಿನ ಶೂನ್ಯತೆಯೆಂದು ಗ್ರಹಿಸುವುದು ಅನುಪಲಬ್ಧಿಯ ದುರುಪಯೋಗ. ಯೋಗ್ಯವಾದುದು ಕಾಣದಿದ್ದರೆ ಮಾತ್ರ ಅದರ ಅಭಾವವನ್ನು ಹೇಳಬಹುದೆಂಬುದನ್ನು ತರ್ಕದ ಬಾಲಪಾಠದಲ್ಲಿಯೇ ಓದಿದ್ದೇವೆ.

ಹಾಗಾದರೆ ಚಿತ್ರವನ್ನು ಬಿಡಬೇಕೆ? ಬೇಡ. ಚಿತ್ರವಿಲ್ಲದಿದ್ದರೆ ದೂರದಲ್ಲಿರುವ ನಮಗೆ ಆ ಹಕ್ಕಿಯ ದರ್ಶನವೇ ಇರುತ್ತಿರಲಿಲ್ಲವೆಂದು ಪೂರ್ವಪಕ್ಷಿಯು ಹೇಳುವುದು ಸತ್ಯ. ಸಿದ್ಧಾಂತವಿಷ್ಟೇ: ಸಾಕ್ಷ್ಯಚಿತ್ರವು ನೋಡಲು ಪ್ರತ್ಯಕ್ಷದಂತಿದ್ದರೂ ಪ್ರಮಾಣವಿಭಾಗದಲ್ಲಿ ಶಬ್ದದ ಪಕ್ಕದಲ್ಲಿ ಕೂರತಕ್ಕದ್ದು. ಅದು ಒಬ್ಬನು ಆರಿಸಿ, ಜೋಡಿಸಿ, ನಮಗೆ ಹೇಳಿದ ವಾಕ್ಯ. ವಾಕ್ಯವನ್ನು ಕೇಳಿದಾಗ ವಕ್ತೃವಿನ ಆಪ್ತತ್ವವನ್ನೂ ತಾತ್ಪರ್ಯವನ್ನೂ ವಿಚಾರಿಸುವಂತೆ ಇಲ್ಲಿಯೂ ವಿಚಾರಿಸಬೇಕು. ಇತಿಹಾಸವನ್ನೋ ರಾಜಕಾರಣವನ್ನೋ ಕುರಿತ ಚಿತ್ರಗಳಿಗೆ ಈ ನ್ಯಾಯವು ಇನ್ನೂ ಹೆಚ್ಚಾಗಿ ಅನ್ವಯಿಸುವುದೆಂದು ಬೇರೆ ಹೇಳಬೇಕಾಗಿಲ್ಲ.

ಅಧ್ಯಾಪಕಮಹಾಶಯರಲ್ಲಿ ಒಂದು ವಿಜ್ಞಾಪನೆ. ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ಅವಶ್ಯವಾಗಿ ತೋರಿಸಿರಿ. ಆದರೆ ಶ್ರೌತಸೂತ್ರವನ್ನು ಕೈಯಲ್ಲಿ ಹಿಡಿದು ತೋರಿಸಿರಿ. ಸೂತ್ರವು ಹೇಳಿ ಚಿತ್ರವು ಬಿಟ್ಟುದನ್ನೂ, ಚಿತ್ರವು ತೋರಿಸಿ ಸೂತ್ರವು ಹೇಳದುದನ್ನೂ ಅವರೇ ಗುರುತಿಸಲಿ. ಪಾಂಜಾಳಿನಲ್ಲಿ 2011ರಲ್ಲಿ ಅತಿರಾತ್ರವು ಮತ್ತೆ ನಡೆಯಿತು. ಕರ್ಮವು ಚಿತ್ರಕ್ಕಿಂತ ದೀರ್ಘಾಯುಷ್ಯವುಳ್ಳದ್ದೆಂಬುದಕ್ಕೆ ಅದೇ ಸಾಕ್ಷಿ.