ವಸತಿಗೃಹದ ಗೋಡೆಚಿತ್ರಗಳು

ಪುನರುಕ್ತಿಯನ್ನು ನಮ್ಮ ಆಲಂಕಾರಿಕರು ಕಾವ್ಯದೋಷಗಳಲ್ಲಿ ಒಂದೆಂದು ಎಣಿಸಿದ್ದಾರೆ. ಈ ಮಾತನ್ನು ಚಿತ್ರಕ್ಕೆ ಅನ್ವಯಿಸಿ ನೋಡಬೇಕೆನ್ನುವವರಿಗೆ ಗೋವೆಯ ಅಗ್ಗದ ವಸತಿಗೃಹಗಳಿಗಿಂತ ಒಳ್ಳೆಯ ನಿದರ್ಶನ ದೊರಕಲಾರದು. ಪಣಜಿಯಿರಲಿ, ಮಡಗಾಂವಿರಲಿ, ವಾಸ್ಕೋ ಇರಲಿ, ಮಂಚದ ತಲೆದೆಸೆಯ ಗೋಡೆಯ ಮೇಲೆ ಬಹುಮಟ್ಟಿಗೆ ಕಾಣುವುದು ಒಂದೇ ಚಿತ್ರ: ಬಾಗಿದ ತೆಂಗಿನ ಮರ, ಮುಳುಗುವ ಸೂರ್ಯ, ದಡಕ್ಕೆ ಎಳೆದಿಟ್ಟ ಖಾಲಿ ದೋಣಿ. ಬಣ್ಣವು ಕಿಟಕಿಯ ಪರದೆಗೆ ಹೊಂದಿಕೊಂಡಿರುತ್ತದೆ. ನೋಡುವವನ ಮನಸ್ಸಿಗೆ ಮಾತ್ರ ಏನೂ ಹೊಂದುವುದಿಲ್ಲ.

ಆದರೆ ದೋಷವು ಕೇವಲ ಪುನರುಕ್ತಿಯಲ್ಲಿದೆಯೆ? ಇಲ್ಲವೆಂದು ನಮ್ಮ ಅಭಿಪ್ರಾಯ. ಗೋವೆಯಿಂದ ಅಂಕೋಲೆ, ಕುಮಟೆಗಳವರೆಗೆ ಹಬ್ಬಿರುವ ಕಾವಿಕಲೆಯನ್ನು ನೋಡಿರಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿಯನ್ನು ಬಳಿದು, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು, ಕೆಳಗಿನ ಬಿಳುಪನ್ನು ಹೊರಗೆಡಹುವ ಕಲೆ ಅದು. ಮೋರ್ಜಿಯ ಮೋರಜಾಯಿ ದೇವಾಲಯದಲ್ಲಿ ಅದನ್ನು ಕಾಣಬಹುದು. ಅಲ್ಲಿಯೂ ಹೂವು, ಬಳ್ಳಿ, ದೇವತೆಗಳು ಮರಳಿ ಮರಳಿ ಬರುತ್ತವೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆಚಿತ್ತಾರದಲ್ಲಿಯೂ ಎಳೆಗಳ ಕ್ರಮ ತಲೆಮಾರುಗಳಿಂದ ಬಂದದ್ದೇ. ಆದರೂ ನಮಗೆ ಬೇಸರವಾಗುವುದಿಲ್ಲ. ಮಣ್ಣು ಆ ನೆಲದ್ದು, ಕೈ ಒಬ್ಬರದು. ಪ್ರತಿ ಸಲವೂ ಗೆರೆ ಹೊಸದಾಗಿ ಹುಟ್ಟಬೇಕು. ವಸತಿಗೃಹದ ಮುದ್ರಿತ ಚಿತ್ರಕ್ಕೆ ನೆಲವೂ ಇಲ್ಲ, ಕೈಯೂ ಇಲ್ಲ.

ಇದಕ್ಕೆ ಕಾರಣವಿಲ್ಲದಿಲ್ಲ. ಇಂದು ಒಬ್ಬ, ನಾಳೆ ಇನ್ನೊಬ್ಬ ಮಲಗುವ ಕೋಣೆಯಲ್ಲಿ ಯಾರ ಮನಸ್ಸೂ ನೋಯಬಾರದೆಂಬುದು ಮಾಲೀಕನ ವ್ಯವಹಾರಬುದ್ಧಿ. ಆದರೆ ಯಾರನ್ನೂ ನೋಯಿಸದಿರಲೆಂದೇ ಆರಿಸಿದ ಚಿತ್ರ ಯಾರನ್ನೂ ಮುಟ್ಟುವುದೂ ಇಲ್ಲ. ಪಣಜಿಯ ಮಿನೇಜಿಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶದ್ವಾರದಲ್ಲಿ ಜೋರ್ಜ್ ಕೊಲಾಸೊ ಎಂಬ ಪೋರ್ಚುಗೀಸ್ ಕಲಾವಿದನ ನೀಲಿ ಹೆಂಚಿನ ಚಿತ್ರಗಳಿವೆ, 1935ರವು. ಕಮೋಯಿಶ್ ಕವಿಯ ಮಹಾಕಾವ್ಯದ ದೃಶ್ಯಗಳು ಅವು. ಆಳಿದವರ ಸಮುದ್ರಯಾನದ ಹೆಮ್ಮೆ ಅಲ್ಲಿ ಮೆರೆದಿದೆ. ಅವುಗಳ ಮುಂದೆ ನಿಂತು ನಾವು ಜಗಳವಾಡಬಹುದು. ವಸತಿಗೃಹದ ತೆಂಗಿನ ಮರದೊಡನೆ ಜಗಳವಾದರೂ ಏನು?

ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದದ್ದು. ಈ ಚಿತ್ರಗಳ ಗೋವೆಯಲ್ಲಿ ಮನುಷ್ಯರೇ ಇಲ್ಲ. ಲೋಟಲಿ ಗ್ರಾಮದ ಮಾರಿಯೊ ಮಿರಾಂದಾ (1926-2011) ಬರೆದ ಗೋವೆಯಲ್ಲಿ ಜನ ಕಿಕ್ಕಿರಿದಿದ್ದಾರೆ: ಮೀನು ಮಾರುವವಳು, ಪಾದ್ರಿ, ವಾದ್ಯ ನುಡಿಸುವವನು. ವಸತಿಗೃಹದ ದೋಣಿಯಾದರೋ ಖಾಲಿ. ಅದನ್ನು ದಡಕ್ಕೆ ಎಳೆದವನು ಎಲ್ಲಿ? ಅದೇ ಚಿತ್ರ ತೂಗುವ ಗೋಡೆಯನ್ನು ಕಟ್ಟಿದವನು ಎಲ್ಲಿ? ಇಲ್ಲಿನ ಕಟ್ಟಡಗಳಿಗೆ ಕಲ್ಲು ಹೊತ್ತವರಲ್ಲಿ ವಿಜಾಪುರ, ಬಾಗಲಕೋಟೆ, ಗದಗಗಳ ಕಡೆಯ ನಮ್ಮ ಜನ ಅನೇಕರಿದ್ದಾರೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ.

ಇದು ವಸತಿಗೃಹಗಳ ಮಾತಷ್ಟೇ ಆಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಬಣ್ಣದ ಕಡ್ಡಿ ಕೊಟ್ಟು ‘ಪ್ರಕೃತಿ ದೃಶ್ಯ’ವೆಂದರೆ, ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ ಸಿದ್ಧವಾಗುತ್ತವೆ. ಝುವಾರಿನಗರದ ತಗಡಿನ ಮನೆಯ ಮಗುವೂ ಅದನ್ನೇ ಬರೆಯುತ್ತದೆ. ತಾನು ದಿನವೂ ಕಾಣುವ ನಲ್ಲಿಯ ಸಾಲು, ಕಟ್ಟುತ್ತಿರುವ ಗೋಡೆಯ ಮೇಲೆ ನಿಂತ ತಂದೆ, ಚಿತ್ರಕ್ಕೆ ಯೋಗ್ಯವಲ್ಲವೆಂದು ಎಂಟನೆಯ ವಯಸ್ಸಿಗೇ ಅದು ಕಲಿತುಬಿಟ್ಟಿರುತ್ತದೆ. ಎರವಲು ಕಣ್ಣಿನ ಅಭ್ಯಾಸ ಆಗಲೇ ಪ್ರಾರಂಭವಾಯಿತು.

ನಮ್ಮ ಸಂಘದ ಮುಂದಿನ ಚಿತ್ರಸ್ಪರ್ಧೆಗೆ ‘ನಮ್ಮ ಮನೆಯ ಮುಂದೆ’ ಎಂಬ ವಿಷಯವನ್ನು ಕೊಡಬೇಕೆಂದು ಸೂಚಿಸುತ್ತೇವೆ. ಗೆರೆ ಸೊಟ್ಟಗಾದರೆ ಆಗಲಿ. ಆ ಚಿತ್ರಗಳಲ್ಲಿ ನಾಲ್ಕನ್ನು ನಮ್ಮವರೇ ನಡೆಸುವ ಯಾವುದಾದರೊಂದು ವಸತಿಗೃಹದ ಗೋಡೆಗೆ ತೂಗುಹಾಕಿದರೆ, ಇಳಿದುಕೊಂಡ ಅತಿಥಿ ದೀಪ ಆರಿಸುವ ಮುನ್ನ ಒಂದು ಕ್ಷಣ ನಿಂತು ನೋಡಿಯಾನು.