ಲಟ್ಟಣಿಗೆ ಜೋಕು

ಜಯನಗರ, ಬನಶಂಕರಿ ಕಡೆ ಗಣೇಶೋತ್ಸವವೋ ರಾಜ್ಯೋತ್ಸವವೋ ಬಂತು ಅಂದ್ರೆ ಒಂದು ಹಾಸ್ಯಸಂಜೆ ಇರಲೇಬೇಕು. ಅದರಲ್ಲಿ ಹೆಂಡತಿ ಲಟ್ಟಣಿಗೆ ಹಿಡಿಯೋ ಜೋಕು ಬರಲೇಬೇಕು. ಅದು ಹಳಸಿದೆ ಅನ್ನೋದಲ್ಲ ನನ್ನ ತಕರಾರು. ಅಲ್ಲಿ ಏಟು ತಿನ್ನೋನ ಮುಖವನ್ನ ನಾವು ಒಮ್ಮೆಯೂ ನೋಡಲ್ಲ.

ಈ ಜೋಕಿಗೆ ದೊಡ್ಡ ವಂಶಾವಳಿಯೇ ಇದೆ. ‘ಅಮ್ಮಾವ್ರ ಗಂಡ’ ಕೈಲಾಸಂ ನಾಟಕದ ಹೆಸರು, 1997ರ ಶಿವರಾಜ್‌ಕುಮಾರ್ ಸಿನಿಮಾದ ಹೆಸರೂ ಹೌದು. ಹೆಸರು ಕೇಳಿದರೇ ನಗು. ಅದಕ್ಕೂ ಎಷ್ಟೋ ಹಿಂದೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಚಂಡಿ ಇದ್ದಾಳೆ. ಗಂಡ ಉದ್ದಾಲಕ ಏನು ಹೇಳಿದರೂ ಅದಕ್ಕೆ ತದ್ವಿರುದ್ಧ ಮಾಡೋಳು. ಕೊನೆಗೆ ಅವನು ಬೇಕಾದ್ದನ್ನು ಬೇಡ ಅನ್ನೋದು, ಬೇಡದ್ದನ್ನು ಬೇಕು ಅನ್ನೋದು ಕಲೀತಾನೆ. ಶ್ರಾದ್ಧದ ದಿನ ಹಾಗೇ ಉಲ್ಟಾ ಹೇಳಿ ಹೇಳಿ ಎಲ್ಲ ಸಾಂಗವಾಗಿ ಮುಗಿಸಿ, ಕೊನೇ ಗಳಿಗೆಯಲ್ಲಿ ಮರೆತು, ಪಿಂಡವನ್ನ ನೀರಿಗೆ ಬಿಡು ಅಂತ ನೆಟ್ಟಗೆ ಹೇಳಿಬಿಡ್ತಾನೆ. ಅವಳು ಕೊಳಕು ಜಾಗಕ್ಕೆ ಎಸೀತಾಳೆ.

ಚಿಕ್ಕಂದಿನಿಂದ ಇದನ್ನ ತಮಾಷೆ ಕಥೆ ಅಂತಲೇ ಕೇಳಿದ್ದೀವಿ. ಆದರೆ ನೋಡಿ, ಸ್ವಂತ ಮನೆಯಲ್ಲಿ ಬಾಯಿ ತೆರೆಯೋ ಮುಂಚೆ ಪ್ರತಿ ಮಾತನ್ನೂ ತೂಗೋದು, ಒಂದು ಮಾತು ಜಾರಿದರೆ ಇಡೀ ದಿನ ಹಾಳು ಅಂತ ಇರೋದು ಹೆದರಿದವನ ದಿನಚರಿ. ಅದು ಕಥೆಯಲ್ಲೇ ಇದೆ, ನಗೋ ಭರದಲ್ಲಿ ನಾವು ಓದಲಿಲ್ಲ ಅಷ್ಟೆ. ಕಥೆಯಾದರೋ ಅವನ ಕೈಗೊಂದು ಶಾಪ ಕೊಡುತ್ತೆ. ಅರ್ಜುನನ ಕೈ ತಾಗೋವರೆಗೂ ಚಂಡಿ ಕಲ್ಲು. (ಅವಳು ಯಾಕೆ ಹಾಗಾದಳು ಅಂತ ಯಾರೂ ಕೇಳಲ್ಲ, ಆ ಜಗಳ ಇನ್ನೊಂದು ದಿನಕ್ಕಿರಲಿ.)

ಜೆ.ಪಿ. ನಗರದ ಫ್ಲ್ಯಾಟಿನ ಗಂಡನಿಗೆ ಶಾಪ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ನೊಂದವಳು ಹೆಂಗಸೇ ಆಗಿರಬೇಕು. ಆ ಕಾಯ್ದೆ ಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44 ಮಂದಿ ಗಂಡನಿಂದ ಹಿಂಸೆ ಕಂಡಿದ್ದೇವೆ ಅಂದಿದ್ದರು. ನೀವು ಗಂಡನಿಗೆ ಹೊಡೆದಿದ್ದೀರಾ ಅಂತಲೂ ಅವರನ್ನೇ ಕೇಳಿದ್ದರು. ಗಂಡಂದಿರನ್ನ ಕೇಳಲಿಲ್ಲ.

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಹಲ್ಲೆಗೆ ಕಾನೂನು ಗಂಡು ಹೆಣ್ಣು ನೋಡಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯ ಅನ್ನೋ ಕಾರಣ ಇಬ್ಬರಿಗೂ ಇದೆ. ಕ್ರೌರ್ಯ ಅಂದರೇನು ಅಂತ ವಿವರಿಸಿದ ಸುಪ್ರೀಂ ಕೋರ್ಟಿನ 1975ರ ದಾಸ್ತಾನೆ ತೀರ್ಪು ಬಂದಿದ್ದೇ ಒಬ್ಬ ಗಂಡನ ಅರ್ಜಿಯಿಂದ. ಹೆಂಡತಿ ನಡೆದುಕೊಂಡಿದ್ದು ಕ್ರೌರ್ಯವೇ ಹೌದು ಅಂದ ಕೋರ್ಟು, ಆಮೇಲೂ ಸಂಸಾರ ಮಾಡಿದ್ದರಿಂದ ಅವನು ಕ್ಷಮಿಸಿದ್ದಾನೆ ಅಂತ ಕೇಸು ವಜಾ ಮಾಡಿತು. ಸಹಿಸಿಕೊಂಡಿದ್ದೇ ಅವನಿಗೆ ಮುಳುವಾಯ್ತು. ಇನ್ನು ಠಾಣೆಯಲ್ಲಿ ರೈಟರ್ ಮುಂದೆ ನಿಂತು ‘ಹೆಂಡತಿ ಹೊಡೆದ್ಳು ಸಾರ್’ ಅನ್ನಬೇಕಾದವನಿಗೆ ಲಟ್ಟಣಿಗೆ ಜೋಕು ಮೊದಲೇ ಗೊತ್ತು. ರೈಟರಿಗೂ ಗೊತ್ತು.

2024ರ ಡಿಸೆಂಬರಿನಲ್ಲಿ ಇದೇ ಊರಲ್ಲಿ ಅತುಲ್ ಸುಭಾಷ್ 24 ಪುಟ ಬರೆದಿಟ್ಟು ಜೀವ ಬಿಟ್ಟಾಗ ನಗು ಹೋಗಿ ಸಿಟ್ಟು ಬಂತು. ಹೆಂಡತಿಯರೆಲ್ಲ ದುಡ್ಡಿನಾಸೆಯವರು, ಕಾನೂನೇ ಸುಳ್ಳು ಅನ್ನೋವಷ್ಟು ಸಿಟ್ಟು. ಅದರಲ್ಲೂ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತಿರೋ ಒಬ್ಬ ಗಂಡಸು ಕಾಣಲಿಲ್ಲ. ಉದ್ದಾಲಕನ ಮನೆಯ ಒಂದೇ ಒಂದು ಸಂಜೆಯನ್ನ ಜೋಕಿಲ್ಲದೆ, ಶಾಪವಿಲ್ಲದೆ ಬರೆದ ಕನ್ನಡ ಕಥೆ ನಿಮಗೆ ಗೊತ್ತಿದ್ದರೆ ಹೇಳಿ, ಓದಬೇಕು.