ಯಂತ್ರವಿದ್ಯಾರ್ಥಿಗಳಿಗೆ ಕಾವ್ಯಪಾಠವೂ ಇಂಗ್ಲಿಷ್ ಶಿಕ್ಷಣವೂ

ಕಾವ್ಯದ ಪ್ರಯೋಜನಗಳನ್ನು ಎಣಿಸುವಲ್ಲಿ ಮಮ್ಮಟನು ಕೀರ್ತಿ, ಆನಂದ ಮೊದಲಾದವುಗಳೊಡನೆ ವ್ಯವಹಾರಜ್ಞಾನವನ್ನೂ ಹೇಳಿರುತ್ತಾನೆ. ಈ ಮತವು ಸಾಧುವಾದರೆ ಇಂದಿನ ಇಂಜಿನಿಯರಿಂಗ್ ಕಾಲೇಜುಗಳ ಭಾಷಾಪಾಠಕ್ರಮವು ಪರೀಕ್ಷಾರ್ಹವಾಗುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2022ರ ಪಾಠಕ್ರಮದಲ್ಲಿ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’ವನ್ನೂ, ಅರಿಯದವರಿಗೆ ‘ಬಳಕೆ ಕನ್ನಡ’ವನ್ನೂ, ಎಲ್ಲರಿಗೂ ಇಂಗ್ಲಿಷಿನ ಸಂವಹನ, ಬರವಣಿಗೆಗಳ ಪಾಠಗಳನ್ನೂ ವಿಧಿಸಿತು. ವಚನ, ಕೀರ್ತನೆ, ಆಧುನಿಕ ಕವಿತೆಗಳನ್ನು ಯಂತ್ರವಿದ್ಯಾರ್ಥಿಯ ಮುಂದಿರಿಸಿದ್ದು ಶ್ಲಾಘ್ಯವೇ ಸರಿ. ಆದರೆ ಈ ವಿಭಜನೆಯಿಂದ ಕನ್ನಡವು ರಸಕ್ಕೆ, ಇಂಗ್ಲಿಷು ಕೆಲಸಕ್ಕೆ ಎಂಬ ಭ್ರಾಂತಿಯು ಹುಟ್ಟುವುದು. ಇದು ಎರಡಕ್ಕೂ ಹಾನಿಕರ.

ಒಂದು ನಿದರ್ಶನವನ್ನು ಕಲ್ಪಿಸಬಹುದು. ಕಪಿಲಾತೀರದ ಸರಗೂರಿಗೆ ಸಮೀಪದಲ್ಲಿಯೇ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿದೆ. ಆ ಊರಿನ ತರುಣನೊಬ್ಬನು ಇಂಜಿನಿಯರನಾಗಿ, “ಹೊರಹರಿವು ಹೆಚ್ಚುವ ಸಂಭವವಿದೆ, ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು” ಎಂಬರ್ಥದ ವಾಕ್ಯವನ್ನು ಶುದ್ಧವಾದ ಇಂಗ್ಲಿಷಿನಲ್ಲಿ ಬರೆದನೆಂದಿಟ್ಟುಕೊಳ್ಳಲಿ. ಎಷ್ಟು ಹೊತ್ತಿಗೆ? ಯಾವ ದಡದಲ್ಲಿ? ಯಾರು ಏನು ಮಾಡಬೇಕು? ವ್ಯಾಕರಣವು ತೃಪ್ತಿಗೊಂಡರೂ ಆಕಾಂಕ್ಷೆಯು ತೃಪ್ತಿಗೊಳ್ಳಲಿಲ್ಲ. ಹೊಳೆಯಲ್ಲಿ ದನ ತೊಳೆಯುತ್ತಿರುವವನಿಗೆ ಈ ದೋಷವು ಪ್ರಾಣಾಂತಿಕವಾದೀತು.

ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಸಂಸ್ಕೃತಕ್ಕೇ ಮೀಸಲಾದ ನಿಯಮಗಳಲ್ಲ, ವಾಕ್ಯಮಾತ್ರಕ್ಕೆ ಸಲ್ಲತಕ್ಕವು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದಲ್ಲಿಯೇ ಪದವಾಕ್ಯಗಳ ಗುಣದೋಷಗಳನ್ನು ವಿವೇಚಿಸಿದೆ. ಪದಚ್ಛೇದ, ಅನ್ವಯ, ತಾತ್ಪರ್ಯ ಎಂಬ ಕ್ರಮದಿಂದ ಒಂದು ವಚನವನ್ನು ಬಿಡಿಸಿ ಕಲಿತವನು ಅದೇ ಕ್ರಮದಿಂದ ಇಂಗ್ಲಿಷ್ ವರದಿಯನ್ನೂ ಪರೀಕ್ಷಿಸಬಲ್ಲನು.

ಕಾಲಾವಕಾಶವು ಅಲ್ಪ, ಉದ್ಯೋಗದಾತರು ಬಯಸುವುದು ನಿರರ್ಗಳವಾದ ಮಾತನ್ನು ಎಂಬುದು ಪೂರ್ವಪಕ್ಷ. ಮೇಲೆ ಹೇಳಿದ ಭಾಷಾಪಾಠಗಳಿಗೆ ಒಂದೊಂದೇ ಕ್ರೆಡಿಟ್ಟಿರುವುದರಿಂದ ಮೊದಲ ಆಕ್ಷೇಪವು ನಿರಾಧಾರವಲ್ಲ. ಆದರೆ ಕಾಲವು ಅಲ್ಪವಾದ್ದರಿಂದಲೇ ಒಂದು ಪಾಠವು ಇನ್ನೊಂದಕ್ಕೆ ಪೋಷಕವಾಗಬೇಕು. ನಿರರ್ಗಳತೆಯಾದರೋ ಅಭ್ಯಾಸಸಾಧ್ಯ, ಅರ್ಥನಿಶ್ಚಯವಿಲ್ಲದ ನಿರರ್ಗಳತೆಯು ಬರಿಯ ಸದ್ದು.

ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಯು ಇಂಗ್ಲಿಷ್ ತರಗತಿಯಲ್ಲಿ ಮೂಕನಾಗಿ ಕುಳಿತರೆ ಅವನಲ್ಲಿ ಬುದ್ಧಿಯಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಅವನು ಬರಿಗೈಯಲ್ಲಿ ಬಂದವನಲ್ಲ. ಒಂದು ಭಾಷೆಯ ವಿವೇಕವನ್ನು ಹೊತ್ತು ತಂದವನು. ಅದನ್ನು ಬಾಗಿಲ ಹೊರಗೆ ಇಳಿಸಿ ಬಾ ಎನ್ನದೆ ಅದರ ಮೇಲೆಯೇ ಎರಡನೆಯ ಭಾಷೆಯನ್ನು ಕಟ್ಟಿಕೊಡುವುದು ಉಪಾಧ್ಯಾಯರ ಧರ್ಮ.